ಹಾಕದೆ ಏರುವ ಆಯಿಲ್: ಹಳೇ ಮಿನಿ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚುವ ಮೊದಲು

ಪ್ರಶ್ನೆ: ನಮ್ಮದು ಶಿರಸಿ ತಾಲೂಕು, ಹುಲೇಕಲ್ ಕಡೆ. ಮೂರು ಎಕರೆ ಅಡಿಕೆ ತೋಟ. ಎರಡು ವರ್ಷದ ಹಿಂದೆ 18 ಎಚ್‌ಪಿಯ ಮೂರು ಸಿಲಿಂಡರ್ ಮಿನಿ ಟ್ರ್ಯಾಕ್ಟರ್ ಸೆಕೆಂಡ್ ಹ್ಯಾಂಡ್ ತಗೊಂಡೆ. ಗಾಡಿಗೆ ಹದಿನೈದು ವರ್ಷ ಆಗಿರಬಹುದು, ಮೀಟರ್ ಓಡುವುದಿಲ್ಲ. ಮಳೆ ಬಿಟ್ಟ ಮೇಲೆ ಆಯಿಲ್ ಬದಲಿಸಿದ್ದೆ. ಮೊನ್ನೆ ನೋಡಿದರೆ ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮೇಲಿನ ಗೆರೆಗಿಂತ ಒಂದು ಬೆರಳು ಮೇಲಿದೆ. ನಾನು ಒಂದು ಹನಿಯೂ ಹಾಕಿಲ್ಲ. ಎಂಜಿನ್ ಬಿಸಿಯಾದ ಮೇಲೆ ಸ್ಲೋದಲ್ಲಿ ಆಯಿಲ್ ಲೈಟ್ ಮಿಣುಕುತ್ತದೆ, ರೇಸ್ ಕೊಟ್ಟರೆ ಆರುತ್ತದೆ. ಒಬ್ಬ ಮೆಕ್ಯಾನಿಕ್ ಎಂಜಿನ್ ಇಳಿಸಿ ಬೋರ್ ಕೆಲಸ (ಸವೆದ ಸಿಲಿಂಡರ್ ಸರಿಮಾಡುವುದು) ಮಾಡಿಸಬೇಕು ಅಂದರು. ಇನ್ನೊಬ್ಬರು ದಪ್ಪ ಆಯಿಲ್ ಹಾಕಿ, ಸರಿಯಾಗುತ್ತದೆ ಅಂದರು. ಮುಂದಿನ ವಾರ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುತ್ತಾನೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿದ ತಕ್ಷಣ ಹೇಳಬೇಕು ಅನ್ನಿಸಿದ್ದು ಒಂದೇ ಮಾತು. ಗಾಡಿ ಸ್ಟಾರ್ಟ್ ಮಾಡಬೇಡಿ. ಕೊನೆ ಕೊಯ್ಲಿನ ಗಡಿಬಿಡಿ ನನಗೆ ಗೊತ್ತು. ಆದರೂ ನಾಲ್ಕು ದಿನ ಪಕ್ಕದ ಮನೆಯವರ ಗಾಡಿ ಕೇಳಿ, ಇಲ್ಲವೇ ಬಾಡಿಗೆಗೆ ಒಂದು ಪಿಕಪ್ ಹೇಳಿ. ಅಷ್ಟರೊಳಗೆ ನಿಮ್ಮ ಗಾಡಿಯ ರೋಗ ಮನೆಯಲ್ಲೇ ಮುಕ್ಕಾಲು ಪಾಲು ಗೊತ್ತಾಗುತ್ತದೆ.

ಆಯಿಲ್ ಕಮ್ಮಿಯಾದರೆ ಎಲ್ಲರೂ ಹೆದರುತ್ತಾರೆ. ಜಾಸ್ತಿಯಾದರೆ "ಇರಲಿ ಬಿಡಿ, ಖಾಲಿ ಆಗಿಲ್ಲ ಅಲ್ವಾ" ಅಂತ ಸಮಾಧಾನ ಮಾಡಿಕೊಳ್ಳುತ್ತಾರೆ. ನನಗೆ ಏರುವ ಆಯಿಲ್ ಕಂಡರೇ ಹೆಚ್ಚು ಭಯ. ಆಯಿಲ್ ತಾನಾಗಿ ಹುಟ್ಟುವುದಿಲ್ಲ. ಡಿಪ್‌ಸ್ಟಿಕ್ ಕಡ್ಡಿಯಲ್ಲಿ ಮೇಲೆ ಬಂದಿದೆ ಅಂದರೆ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಬೇರೆ ಏನೋ ಸೇರಿದೆ. ಡೀಸೆಲ್ ಇರಬಹುದು, ನೀರು ಇರಬಹುದು, ಲಿಫ್ಟ್ ಎತ್ತುವ ಹೈಡ್ರಾಲಿಕ್ ಆಯಿಲ್ ಇರಬಹುದು. ಈ ಮೂರರಲ್ಲಿ ಯಾವುದು ಅಂತ ತಿಳಿಯುವವರೆಗೆ ಎಂಜಿನ್ ಬಿಚ್ಚುವುದೂ ಬೇಡ, ದಪ್ಪ ಆಯಿಲ್ ಹಾಕುವುದೂ ಬೇಡ.

ಸ್ಟಾರ್ಟ್ ಮಾಡಬೇಡಿ ಅಂದದ್ದಕ್ಕೆ ಎರಡು ಕಾರಣ ಇವೆ. ನಿಮ್ಮಂಥ ಸಣ್ಣ ಎಂಜಿನ್ನಿಗೆ ಹಿಡಿಯುವುದು ಮೂರು-ನಾಲ್ಕು ಲೀಟರ್ ಆಯಿಲ್. ಮೂರೂವರೆ ಲೀಟರಿಗೆ ಕಾಲು ಲೀಟರ್ ಡೀಸೆಲ್ ಸೇರಿದರೆ ನೂರಕ್ಕೆ ಆರೇಳು ಪಾಲು ಆಯಿತು. ಐದು ಪಾಲು ದಾಟಿದ ಆಯಿಲನ್ನು ಎಂಜಿನ್ನಿನಲ್ಲಿ ಇಡಬಾರದು ಅನ್ನುವುದು ಈ ಕೆಲಸದವರ ಸಾಮಾನ್ಯ ಲೆಕ್ಕ. ತೆಳ್ಳಗಾದ ಆಯಿಲ್ ಕ್ರ್ಯಾಂಕಿನ ಬೇರಿಂಗ್ ನಡುವೆ ನಿಲ್ಲುವುದಿಲ್ಲ. ಲೋಹಕ್ಕೆ ಲೋಹ ತಾಗುತ್ತದೆ. ಈಗ ಸಿಲಿಂಡರಿಗೆ ಡೀಸೆಲ್ ಊದುವ ನೋಝಲ್ ರಿಪೇರಿಯಲ್ಲಿ ಮುಗಿಯುವ ಖರ್ಚು ಆಮೇಲೆ ಕ್ರ್ಯಾಂಕಿನವರೆಗೆ ಹೋಗುತ್ತದೆ.

ಎರಡನೆಯದು ಇನ್ನೂ ಅಪಾಯ. ಚೇಂಬರ್ ತುಂಬಿ ಹೋದರೆ ಆಯಿಲ್ ಎಂಜಿನ್ನಿನ ಒಳಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ, ಸವೆದ ಪಿಸ್ಟನ್ ರಿಂಗಿನ ಸಂದಿಯಿಂದ ಮೇಲೆ ಬಂದು ಉರಿಯಲು ಶುರುವಾಗುತ್ತದೆ. ಡೀಸೆಲ್ ಎಂಜಿನ್ನಿಗೆ ಕಿಡಿ ಹಾರಿಸುವ ಪ್ಲಗ್ ಇಲ್ಲ. ಉರಿಯುವ ವಸ್ತು ಮತ್ತು ಗಾಳಿ ಇದ್ದರೆ ಸಾಕು, ಅದು ಓಡುತ್ತದೆ. ಸ್ಟಾಪ್ ಎಳೆದರೂ ನಿಲ್ಲುವುದಿಲ್ಲ. ರೇಸ್ ಏರುತ್ತಲೇ ಹೋಗುತ್ತದೆ, ಗಾಡಿ ತುಂಬ ಬಿಳಿ-ನೀಲಿ ಹೊಗೆ. ಯಾವತ್ತಾದರೂ ಹೀಗಾದರೆ ಗಾಳಿ ಬಂದ್ ಮಾಡುವುದೇ ನಂಬಬಹುದಾದ ದಾರಿ. ಏರ್ ಕ್ಲೀನರಿನ ಬಾಯಿಗೆ ಹಲಗೆ ತುಂಡನ್ನೋ ದಪ್ಪ ಮಡಿಸಿದ ಗೋಣಿಚೀಲವನ್ನೋ ಒತ್ತಿ ಹಿಡಿಯಬೇಕು. ಬರಿಗೈ ಇಡಬಾರದು, ಎಳೆತ ಅಷ್ಟು ಜೋರಾಗಿರುತ್ತದೆ. ಮನೆಯಲ್ಲಿ ಗಾಡಿ ಓಡಿಸುವ ಮಕ್ಕಳಿಗೂ ಇದನ್ನು ಹೇಳಿಟ್ಟಿರಿ.

ಇನ್ನು ಪರೀಕ್ಷೆಗೆ ಬರೋಣ. ಮೊದಲು ಕಡ್ಡಿ ಸುಳ್ಳು ಹೇಳುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನಮ್ಮ ಕಡೆ ಗಾಡಿ ನಿಲ್ಲಿಸುವ ಜಾಗ ಸಪಾಟಾಗಿರುವುದೇ ಅಪರೂಪ. ಮನೆ ಮೇಲೆ, ತೋಟ ಕೆಳಗೆ, ನಡುವೆ ಇಳಿಜಾರು. ಇಳಿಜಾರಿನಲ್ಲಿ ನಿಂತ ಗಾಡಿಯ ಕಡ್ಡಿಯಲ್ಲಿ ಒಂದು ಬೆರಳಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಅಡಿಕೆ ಒಣಗಿಸುವ ಅಂಗಳ ಸಪಾಟಾಗಿರುತ್ತದಲ್ಲ, ಅಲ್ಲಿಗೆ ಇಬ್ಬರು ಸೇರಿ ತಳ್ಳಿಕೊಂಡು ಬನ್ನಿ. ಟೈರಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ. ಇನ್ನು ಮುಂದೆ ಅಳೆಯುವುದೆಲ್ಲ ಅದೇ ಗೆರೆಯ ಮೇಲೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕಡ್ಡಿ ಒರೆಸಿ, ಮತ್ತೆ ಇಳಿಸಿ, ತೆಗೆದು ನೋಡಿ. ಈಗಲೂ ಒಂದು ಬೆರಳು ಮೇಲಿದ್ದರೆ ಮುಂದಕ್ಕೆ ಹೋಗೋಣ.

ಕಡ್ಡಿಯ ತುದಿಯ ಆಯಿಲನ್ನು ಹೆಬ್ಬೆರಳು-ತೋರುಬೆರಳ ನಡುವೆ ಉಜ್ಜಿ. ಕಪ್ಪಾಗಿದೆ ಅಂತ ಗಾಬರಿಯಾಗಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಹೊಸ ಆಯಿಲೂ ಕೆಲವೇ ಗಂಟೆಯಲ್ಲಿ ಕಪ್ಪಾಗುತ್ತದೆ. ಮಸಿಯನ್ನು ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ನೋಡಬೇಕಾದ್ದು ಅಂಟು. ಬೆರಳು ಬಿಡಿಸುವಾಗ ಸಣ್ಣ ಎಳೆ ಬರಬೇಕು. ನೀರಿನ ಹಾಗೆ ಜಾರಿದರೆ, ಮೂಗಿಗೆ ಡೀಸೆಲ್ ವಾಸನೆ ಬಂದರೆ ಅರ್ಧ ಉತ್ತರ ಸಿಕ್ಕಿತು.

ಮೂಗನ್ನೇ ನಂಬಬೇಡಿ, ಕಾಗದದ ಮೇಲೂ ನೋಡಿ. ಬ್ಲಾಟಿಂಗ್ ಪೇಪರ್ ಇದ್ದರೆ ಒಳ್ಳೇದು. ಇಲ್ಲದಿದ್ದರೆ ದಿನಪತ್ರಿಕೆಯ ಅಚ್ಚಾಗದ ಅಂಚು ಸಾಕು. ಅದನ್ನು ಲೋಟದ ಬಾಯಿ ಮೇಲೆ ಇಡಿ, ಕೆಳಗೆ ಏನೂ ತಾಗಬಾರದು. ನಡುವೆ ಕಡ್ಡಿಯಿಂದ ಒಂದೇ ಹನಿ ಬಿಡಿ. ಪಕ್ಕದ ಇನ್ನೊಂದು ಲೋಟದ ಮೇಲೆ ಡಬ್ಬಿಯ ಹೊಸ ಆಯಿಲಿನ ಹನಿ. ಮೂರನೆಯದರ ಮೇಲೆ, ಹೊಸ ಆಯಿಲ್ ಒಂದು ಚಮಚಕ್ಕೆ ನೀವೇ ಏಳೆಂಟು ಹನಿ ಡೀಸೆಲ್ ಬೆರೆಸಿದ್ದು. ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಮೂರನ್ನೂ ಕಿಟಕಿ ಬೆಳಕಿಗೆ ಹಿಡಿಯಿರಿ. ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಬೂದು, ಅದಕ್ಕೂ ಆಚೆ ದೂರದವರೆಗೆ ಹರಡಿದ ತೆಳು ಹಳದಿ ಉಂಗುರ ಇದ್ದರೆ ಅದು ಡೀಸೆಲ್. ನೀವು ಬೆರೆಸಿದ ಹನಿ ಪಕ್ಕದಲ್ಲೇ ಇರುವುದರಿಂದ ಯಾರನ್ನೂ ಕೇಳಬೇಕಾಗಿಲ್ಲ, ಕಣ್ಣಿಗೇ ಹೋಲಿಕೆ ಕಾಣುತ್ತದೆ.

ನೀರಿಗೆ ಬೇರೆ ಪರೀಕ್ಷೆ. ಗಾಡಿ ಎರಡು ರಾತ್ರಿ ನಿಂತಿರಲಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಇಳಿದಿರುತ್ತದೆ. ಬೆಳಿಗ್ಗೆ ಎಂಜಿನ್ ಅಲುಗಿಸದೆ ಡ್ರೈನ್ ಬೋಲ್ಟ್ ಅಡಿ ಒಂದು ಬಿಳಿ ಬಟ್ಟಲು ಹಿಡಿಯಿರಿ. ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ. ಎಳೆ ಎಳೆಯಾಗಿ ಸಡಿಲಿಸುತ್ತಾ ಬನ್ನಿ, ಹನಿ ಬರಲು ಶುರುವಾದ ಕೂಡಲೇ ನಿಲ್ಲಿಸಿ. ನೀರು ತಳದಲ್ಲಿ ನಿಂತಿದ್ದರೆ ಮೊದಲು ಬರುವುದು ಅದೇ. ತಿಳಿಯಾಗಿದ್ದರೆ ಮಳೆ ನೀರು ಅಥವಾ ಸಾದಾ ರೇಡಿಯೇಟರ್ ನೀರು. ಹಸಿರು ಬಣ್ಣ ಇದ್ದರೆ ಕೂಲಂಟ್. ಆಮೇಲೆ ಆಯಿಲ್ ಬರುತ್ತದೆ. ನೀರು ಆಯಿಲಿನ ಜೊತೆ ಕಡೆದು ಹೋಗಿದ್ದರೆ ಮಾತ್ರ ಬೇರೆಯಾಗಿ ಇಳಿಯುವುದಿಲ್ಲ. ಆಗ ಆಯಿಲೇ ಹಾಲು ಜಾಸ್ತಿಯಾದ ಚಹಾದ ಬಣ್ಣಕ್ಕೆ ತಿರುಗಿರುತ್ತದೆ.

ಅನುಮಾನ ಉಳಿದರೆ ಹಳೇ ಕಬ್ಬಿಣದ ಕಾವಲಿ ಬಿಸಿ ಮಾಡಿ, ಒಲೆಯಿಂದ ದೂರ ತಂದು ಕೆಳಗಿಟ್ಟು, ಆಮೇಲೆ ಎರಡು ಹನಿ ಹಾಕಿ. ನೀರಿದ್ದರೆ ಸಾಸಿವೆ ಸಿಡಿದ ಹಾಗೆ ಚಟಪಟ ಅನ್ನುತ್ತದೆ. ಬೆಂಕಿಯ ಮೇಲೆ ಇರುವಾಗ ಖಂಡಿತ ಹಾಕಬೇಡಿ, ಅದರಲ್ಲಿ ಡೀಸೆಲ್ ಇರಬಹುದು. ಮುಖ ಹಿಂದೆ ಇರಲಿ. ಆ ಕಾವಲಿ ಮತ್ತೆ ಅಡುಗೆಮನೆಗೆ ಹೋಗಬಾರದು.

ಈಗ ಒಂದೊಂದರ ಹಿಂದೆ ಹೋಗೋಣ. ನಿಮ್ಮ ಲಕ್ಷಣ ನೋಡಿದರೆ ನನ್ನ ಅಂದಾಜು ಡೀಸೆಲ್. ಆಯಿಲ್ ಏರಿದೆ, ಬಿಸಿಯಾದಾಗ ಲೈಟ್ ಮಿಣುಕುತ್ತದೆ, ಎರಡೂ ಒಂದೇ ಕಾಯಿಲೆಯ ಎರಡು ಮುಖ ಇರಬಹುದು. ಆಯಿಲ್ ಪಂಪ್ ಎಂಜಿನ್ ಜೊತೆಗೇ ತಿರುಗುತ್ತದೆ. ಸ್ಲೋದಲ್ಲಿ ಅದು ತಳ್ಳುವುದು ಕಮ್ಮಿ. ಆಯಿಲ್ ತೆಳ್ಳಗಿದ್ದರೆ ಬೇರಿಂಗ್ ಸಂದಿಯಿಂದ ಬೇಗ ಹರಿದು ಹೋಗುತ್ತದೆ, ಪ್ರೆಶರ್ ನಿಲ್ಲುವುದಿಲ್ಲ. ರೇಸ್ ಕೊಟ್ಟಾಗ ಪಂಪ್ ಜೋರಾಗಿ ತಳ್ಳುತ್ತದೆ, ಲೈಟ್ ಆರುತ್ತದೆ. ಬೋರ್ ಸವೆದದ್ದಕ್ಕೂ ಈ ಲೈಟಿಗೂ ನೇರ ಸಂಬಂಧವೇ ಇಲ್ಲ. ಬೋರ್ ಸವೆದರೆ ಆಯಿಲ್ ಉರಿದು ಕಮ್ಮಿಯಾಗುತ್ತದೆ, ಏರುವುದಿಲ್ಲ. ಹಾಗಾಗಿ ನಿಮಗೆ ಸಿಕ್ಕ ಮೊದಲ ಸಲಹೆ ನನಗೆ ಒಪ್ಪಿಗೆಯಿಲ್ಲ.

ಡೀಸೆಲ್ ಎಲ್ಲಿಂದ ಇಳಿಯುತ್ತದೆ? ಇದನ್ನು ತಿಳಿಯಲು ಒಂದು ಪ್ರಶ್ನೆ ಸಾಕು. ಗಾಡಿ ನಿಂತಾಗ ಏರುತ್ತದೋ, ಓಡಿದಾಗ ಏರುತ್ತದೋ? ಮಿನಿ ಟ್ರ್ಯಾಕ್ಟರಿನಲ್ಲಿ ಡೀಸೆಲ್ ಟ್ಯಾಂಕ್ ಸಾಮಾನ್ಯವಾಗಿ ಎಂಜಿನ್ನಿಗಿಂತ ಎತ್ತರದಲ್ಲಿರುತ್ತದೆ. ಅದರ ಕಾಕ್ (ಡೀಸೆಲ್ ನಲ್ಲಿ) ತೆರೆದಿದ್ದರೆ ಡೀಸೆಲ್ ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಕಡ್ಡಿಯ ಮಟ್ಟಕ್ಕೆ ಒಂದು ಗುರುತು ಹಾಕಿ, ಕಾಕ್ ತೆರೆದಿಟ್ಟು ಎರಡು ದಿನ ಬಿಡಿ. ಮಟ್ಟ ನೋಡಿ ಬರೆದುಕೊಳ್ಳಿ. ಆಮೇಲೆ ಕಾಕ್ ಮುಚ್ಚಿ ಎರಡು ದಿನ ಬಿಡಿ. ತೆರೆದಿಟ್ಟಾಗ ಏರಿ, ಮುಚ್ಚಿದಾಗ ನಿಂತರೆ ಕಳ್ಳ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನಲ್ಲೋ, ನೋಝಲ್ಲಿಗೆ ತಳ್ಳುವ ಡೀಸೆಲ್ ಪಂಪಿನಲ್ಲೋ ಇದ್ದಾನೆ. ಎಂಜಿನ್ ಮೈಗೆ ಕೂತ ಫೀಡ್ ಪಂಪಿನ ಒಳಗೆ ಸಾಮಾನ್ಯವಾಗಿ ಒಂದು ರಬ್ಬರ್ ಪರದೆ ಇರುತ್ತದೆ. ಅದು ಹರಿದರೆ ಡೀಸೆಲ್ ಸೀದಾ ಚೇಂಬರಿಗೆ. ಕರೆಂಟಿನ ಫೀಡ್ ಪಂಪ್ ಆಗಿದ್ದರೆ ಅದಕ್ಕೂ ಚೇಂಬರಿಗೂ ದಾರಿಯಿಲ್ಲ, ಅದನ್ನು ಬಿಟ್ಟುಬಿಡಿ. ಇನ್ನು ಡೀಸೆಲ್ ಪಂಪಿನ ಕ್ಯಾಮ್ ಕಡೆಯ ಭಾಗ ಎಂಜಿನ್ ಆಯಿಲಿನಲ್ಲೇ ಮುಳುಗಿರುತ್ತದೆ. ಒಳಗಿನ ಪ್ಲಂಜರ್ ಸವೆದರೆ ಅದರ ಸುತ್ತ ಡೀಸೆಲ್ ಜಿನುಗಿ ಕೆಳಗೆ ಬರುತ್ತದೆ.

ನಿಂತಾಗ ಏರದೆ ಓಡಿದಾಗ ಮಾತ್ರ ಏರಿದರೆ ನಾನು ಮೊದಲು ನೋಝಲ್ ನೋಡುತ್ತೇನೆ. ಒಳ್ಳೇ ನೋಝಲ್ ಡೀಸೆಲನ್ನು ಮಂಜಿನ ಹಾಗೆ ಊದುತ್ತದೆ. ಹಾಳಾದದ್ದು ತೊಟ್ಟಿಕ್ಕುತ್ತದೆ. ಉರಿಯದ ಡೀಸೆಲ್ ಸಿಲಿಂಡರಿನ ಲೈನರ್ ಗೋಡೆಯ ಆಯಿಲನ್ನು ತೊಳೆದುಕೊಂಡು ರಿಂಗ್ ದಾಟಿ ಇಳಿಯುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಕಣ್ಣು ಉರಿಸುವ ಬಿಳಿ ಹೊಗೆ ಬರುತ್ತಿತ್ತಾ? ಒಂದು ಸಿಲಿಂಡರ್ ಸರಿಯಾಗಿ ಹೊಡೆಯದೆ ಗಾಡಿ ನಡುಗುತ್ತಿತ್ತಾ? ಹೌದು ಅಂದರೆ ಇದೇ ಇರಬೇಕು. ಹೊಸ ಆಯಿಲ್ ಹಾಕಿದ ಮೇಲೆ ಸ್ಲೋದಲ್ಲಿ ಓಡಿಸಿ ಒಂದೊಂದೇ ನೋಝಲ್ ಪೈಪಿನ ನಟ್ ಸಡಿಲಿಸಿ ನೋಡಬಹುದು. ಯಾವುದನ್ನು ಸಡಿಲಿಸಿದಾಗ ಎಂಜಿನ್ನಿನ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ನಟ್ ಮೇಲೆ ಬಟ್ಟೆ ಇರಲಿ, ಕೈ ದೂರ ಇರಲಿ. ನೋಝಲ್ ಬಿಚ್ಚಿ ಗಾಳಿಯಲ್ಲಿ ಊದಿಸಿ ನೋಡುವ ಕೆಲಸ ಮಾತ್ರ ಮನೆಯಲ್ಲಿ ಬೇಡ. ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಓಡಬೇಕಾಗುತ್ತದೆ. ಪಂಪ್-ನೋಝಲ್ ಕೆಲಸದವರ ಹತ್ತಿರ ಅದಕ್ಕೆಂದೇ ಮಶೀನ್ ಇರುತ್ತದೆ. ಮೂರೂ ನೋಝಲ್ ಒಟ್ಟಿಗೆ ಕೊಡಿ. ಪ್ರೆಶರ್ ಎಷ್ಟಕ್ಕೆ ಬಿಡುತ್ತದೆ, ತೊಟ್ಟಿಕ್ಕುತ್ತದಾ ಅಂತ ನಿಮ್ಮ ಕಣ್ಣೆದುರೇ ತೋರಿಸಲು ಹೇಳಿ. ವಾಪಸ್ ಕೂರಿಸುವಾಗ ತಾಮ್ರದ ವಾಶರ್ ಹೊಸದೇ ಹಾಕಿಸಿ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಘಟ್ಟದ ಮೇಲಿನ ಮಳೆಯಲ್ಲಿ ನೀರು ಎಂಜಿನ್ನಿಗೆ ಸೇರುವ ದಾರಿಗಳು ಬಯಲುಸೀಮೆಯ ಮೆಕ್ಯಾನಿಕ್‌ಗಳ ಲೆಕ್ಕಕ್ಕೇ ಬರುವುದಿಲ್ಲ. ಬಟ್ಟಲಿನಲ್ಲಿ ನೀರು ಕಂಡ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ" ಅನ್ನುತ್ತಾರೆ, ಅಂದರೆ ಎಂಜಿನ್ನಿನ ತಲೆಯ ಜೋಡಣೆಯ ಪಟ್ಟಿ ಹಾಳಾಗಿ ರೇಡಿಯೇಟರ್ ನೀರು ಒಳಗೆ ಬರುತ್ತಿದೆ ಅಂತ. ಹೋಗಿರಬಹುದು. ಆದರೆ ಮೊದಲು ಸೈಲೆನ್ಸರ್ ನೋಡಿ. ಮೇಲಕ್ಕೆ ನಿಂತ ಸೈಲೆನ್ಸರಿನ ಮುಚ್ಚಳ ತುಕ್ಕು ಹಿಡಿದು ಬಿದ್ದು ಹೋಗಿರುತ್ತದೆ. ಗಾಡಿ ತಗಡಿನ ಮಾಡಿನ ಅಂಚಿನಲ್ಲಿ ನಿಂತಿರುತ್ತದೆ. ಆಷಾಢದ ಮಳೆಯ ಒಂದು ರಾತ್ರಿ ಸಾಕು. ನೀರು ಪೈಪಿನಲ್ಲಿ ಇಳಿದು, ಯಾವ ಸಿಲಿಂಡರಿನ ವಾಲ್ವ್ ತೆರೆದಿದೆಯೋ ಅದರೊಳಗೆ ಕೂತು, ರಿಂಗ್ ದಾಟಿ ಚೇಂಬರಿಗೆ ಬರುತ್ತದೆ. ಪಿಸ್ಟನ್ ಮೇಲೆ ನೀರು ನಿಂತಿರುವಾಗ ಸೆಲ್ಫ್ ಹೊಡೆದರೆ ಕನೆಕ್ಟಿಂಗ್ ರಾಡ್ ಬಾಗುವುದೂ ಉಂಟು. ಒಂದು ಗೆರಟೆ ಕವುಚಿ ಹಾಕಿದ್ದರೂ ಉಳಿಯುತ್ತಿತ್ತು.

ಎರಡನೆಯದು ಬೆವರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಡಿ ಕೊಟ್ಟಿಗೆ ಪಕ್ಕದಲ್ಲಿ ನಿಂತೇ ಇರುತ್ತದೆ. ನಡುನಡುವೆ "ಬ್ಯಾಟರಿ ಇಳಿಯಬಾರದು" ಅಂತ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೀರಿ. ಎಂಜಿನ್ ಬಿಸಿಯಾಗುವುದರೊಳಗೆ ಬಂದ್. ಒಳಗೆ ತಂಪು ಗೋಡೆಗೆ ತೇವ ಕೂಡುತ್ತದೆ, ಹೋಗುವುದಿಲ್ಲ. ಆಯಿಲ್ ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಕೆನೆ ಕಟ್ಟಿರುವುದು ಇದರಿಂದಲೇ. ಕೆನೆ ಮುಚ್ಚಳದಲ್ಲಿ ಮಾತ್ರ ಇದ್ದು, ಕಡ್ಡಿಯಲ್ಲಿ ಆಯಿಲ್ ಚೆನ್ನಾಗಿದ್ದರೆ, ರೇಡಿಯೇಟರ್ ನೀರು ಕಮ್ಮಿಯಾಗದಿದ್ದರೆ ಹೆಡ್ ಬಿಚ್ಚುವ ಅಗತ್ಯ ಇಲ್ಲ. ಮಳೆಗಾಲದಲ್ಲಿ ಸ್ಟಾರ್ಟ್ ಮಾಡಿದರೆ ಅರ್ಧ ಗಂಟೆ ಲೋಡ್ ಕೊಟ್ಟು ಓಡಿಸಿ. ಇಲ್ಲವೇ ಸ್ಟಾರ್ಟ್ ಮಾಡಲೇಬೇಡಿ, ಬ್ಯಾಟರಿ ವೈರ್ ತೆಗೆದಿಡಿ.

ಇದರ ಜೊತೆಗೇ ನನಗೆ ತುಂಬಾ ಬೇಸರ ತರುವ ಒಂದು ಅಭ್ಯಾಸ ಹೇಳುತ್ತೇನೆ. ಗಾಡಿ ಹೀಟ್ ಆಗುತ್ತದೆ ಅಂತ ಹೋದರೆ ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿಗೆ ನೀರು ಬಿಡದ ಥರ್ಮೋಸ್ಟ್ಯಾಟ್ ವಾಲ್ವನ್ನೇ ಕಿತ್ತು ಎಸೆಯುತ್ತಾರೆ. ಹಳೇ ಗಾಡಿಯಲ್ಲಿ ಅದು ಇಲ್ಲದಿರುವುದೇ ಜಾಸ್ತಿ. ಶಿರಸಿ-ಸಿದ್ದಾಪುರದ ಮಳೆ ಚಳಿಯಲ್ಲಿ, ತೋಟದಿಂದ ಮನೆಗೆ ಅರ್ಧ ಕಿಲೋಮೀಟರ್ ಓಡುವ ಗಾಡಿ ಆ ವಾಲ್ವ್ ಇಲ್ಲದೆ ಸರಿಯಾಗಿ ಬಿಸಿಯೇ ಆಗುವುದಿಲ್ಲ. ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಸೇರಿದ ತೇವ, ಡೀಸೆಲ್ ಆವಿಯಾಗಿ ಹೋಗುವುದೂ ಇಲ್ಲ. ನಿಮ್ಮ ಗಾಡಿಯಲ್ಲಿ ವಾಲ್ವ್ ಇದೆಯೇ ಅಂತ ನೋಡಿಸಿ. ಇಲ್ಲದಿದ್ದರೆ ಹಾಕಿಸಿ.

ಹೆಡ್ ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ರೇಡಿಯೇಟರ್ ಹೇಳುತ್ತದೆ. ಎಂಜಿನ್ ತಣ್ಣಗಿರುವಾಗ ಕ್ಯಾಪ್ ತೆಗೆಯಿರಿ, ಬಿಸಿಯಿರುವಾಗ ಮುಟ್ಟಬೇಡಿ. ನೀರಿನ ಮೇಲೆ ಆಯಿಲ್ ಪದರ ಇದೆಯಾ? ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದಾಗ ಬಿಡದೆ ಗುಳ್ಳೆ ಬರುತ್ತದಾ? ವಾರಕ್ಕೊಮ್ಮೆ ನೀರು ಹಾಕಬೇಕಾಗುತ್ತದಾ? ಇವು ಇದ್ದರೆ ಹೆಡ್ ಬಿಚ್ಚಲೇಬೇಕು, ಜೊತೆಗೆ ಹೆಡ್ ಬಾಗಿದೆಯಾ ಅಂತ ಲೇತ್‌ನವರಲ್ಲಿ ನೋಡಿಸಬೇಕು.

ಮೂರನೆಯ ಕಳ್ಳನನ್ನು ಹಿಡಿಯಲು ನನಗೇ ಒಮ್ಮೆ ಹದಿನೈದು ದಿನ ಬೇಕಾಯಿತು. ಬನವಾಸಿ ಕಡೆಯಿಂದ ಒಂದು ಗಾಡಿ ಬಂದಿತ್ತು. ಅನಾನಸ್ ಗದ್ದೆಯಲ್ಲಿ ರೋಟವೇಟರ್ ಹೊಡೆಯುವ ಗಾಡಿ. ಎಂಜಿನ್ ಆಯಿಲ್ ಏರುತ್ತಿತ್ತು. ಯಜಮಾನರು ಅದಾಗಲೇ ಎರಡು ಸಲ ನೋಝಲ್ ಮಾಡಿಸಿದ್ದರು. ನಾನೂ ಡೀಸೆಲ್ ಅಂತಲೇ ಹೊರಟೆ, ಫೀಡ್ ಪಂಪ್ ಬದಲಿಸಿದೆ. ಮತ್ತೆ ಏರಿತು. ಕಾಗದದಲ್ಲಿ ಉಂಗುರ ಬರಲಿಲ್ಲ, ಕಾವಲಿ ಸದ್ದು ಮಾಡಲಿಲ್ಲ, ಅಂಟೂ ಚೆನ್ನಾಗಿತ್ತು. ಆಗ ಕೇಳಿದೆ, ಹೈಡ್ರಾಲಿಕ್ ಆಯಿಲ್ ಯಾವಾಗ ಹಾಕಿದಿರಿ? "ತಿಂಗಳಿಗೊಮ್ಮೆ ಹಾಕ್ತಾನೇ ಇರ್ತೇನೆ, ಎಲ್ಲಿ ಸೋರ್ತದೆ ಅಂತ ಕಾಣೋದಿಲ್ಲ" ಅಂದರು. ಹೈಡ್ರಾಲಿಕ್ ಪಂಪ್ ಎಂಜಿನ್ನಿನ ಟೈಮಿಂಗ್ ಗೇರಿಗೆ ಸೇರಿಕೊಂಡಿತ್ತು. ಅದರ ಶಾಫ್ಟಿನ ಸೀಲ್ ಗಟ್ಟಿಯಾಗಿ ಒಡೆದಿತ್ತು. ಲಿಫ್ಟಿನ ಆಯಿಲ್ ಎಂಜಿನ್ನಿಗೆ ಹೋಗುತ್ತಿತ್ತು. ಬೆರಳಗಲದ ಒಂದು ಸೀಲಿಗೆ ಅವರು ಅಷ್ಟು ದುಡ್ಡು ಕಳೆದುಕೊಂಡಿದ್ದರು. ನಾನು ಮೊದಲ ದಿನವೇ ಕೇಳಬೇಕಾದ ಪ್ರಶ್ನೆ ಅದು, ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅದಕ್ಕೇ ನಿಮಗೂ ಕೇಳುತ್ತೇನೆ: ಲಿಫ್ಟ್ ನಿಧಾನ ಆಗಿದೆಯಾ? ಹೈಡ್ರಾಲಿಕ್ ಕಡ್ಡಿಯಲ್ಲಿ ಮಟ್ಟ ಇಳಿದಿದೆಯಾ? ನೋಡಿ.

ಇನ್ನು ಲೈಟ್. ದಪ್ಪ ಆಯಿಲ್ ಹಾಕಿದರೆ ಲೈಟ್ ಆರಬಹುದು, ನಿಜ. ಆದರೆ ಡೀಸೆಲ್ ಸೇರುವುದು ನಿಂತಿರುವುದಿಲ್ಲ, ನಾಲ್ಕು ದಿನಕ್ಕೆ ಅದೂ ತೆಳ್ಳಗಾಗುತ್ತದೆ. ಬೆಳಿಗ್ಗೆ ತಂಪಿನಲ್ಲಿ ದಪ್ಪ ಆಯಿಲ್ ಮೇಲೆ ರಾಕರ್‌ವರೆಗೆ ಏರಲು ತಡ ಮಾಡುತ್ತದೆ, ಆ ಹೊತ್ತು ಎಂಜಿನ್ ಒಣಗಿ ತಿರುಗುತ್ತದೆ. ಗೇರ್ ಆಯಿಲ್ ಬೆರೆಸುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದ ಗ್ರೇಡ್ ಹಾಕಿ. ಪುಸ್ತಕ ಕಳೆದು ಹೋಗಿದ್ದರೆ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-40 ನಮ್ಮ ಹವೆಗೆ ಸರಿ. ಡಬ್ಬಿಯ ಮೇಲೆ ಡೀಸೆಲ್ ಎಂಜಿನ್ನಿನದ್ದು ಅಂತ ಇರಬೇಕು. ಸಿಎಫ್-4, ಸಿಎಚ್-4, ಸಿಐ-4 ಹೀಗೆ 'ಸಿ'ಯಿಂದ ಶುರುವಾಗುವ ಗುರುತು. ಬೈಕಿನ ಆಯಿಲ್ ಉಳಿದಿದೆ ಅಂತ ಸುರಿಯಬೇಡಿ.

ಡೀಸೆಲ್ ಸೋರಿಕೆ ನಿಂತ ಮೇಲೆ ಹಳೇ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರ್ ಸಮೇತ ಬದಲಿಸಿ. ಬಿಚ್ಚಿದ ಫಿಲ್ಟರನ್ನು ಎಸೆಯಬೇಡಿ. ಒಳಗಿನ ಕಾಗದವನ್ನು ಚಾಕುವಿನಲ್ಲಿ ಕತ್ತರಿಸಿ, ಹಿಂಡಿ, ಬಿಸಿಲಿನಲ್ಲಿ ಹರಡಿ. ಮಡಿಕೆಗಳ ನಡುವೆ ಮಸಿ ಮಾತ್ರ ಇದ್ದರೆ ನೆಮ್ಮದಿ. ಬೆಳ್ಳಿಯಂಥ, ತಾಮ್ರದಂಥ ಮಿನುಗು ಕಂಡರೆ ಮ್ಯಾಗ್ನೆಟ್ ಹಿಡಿಯಿರಿ. ಮ್ಯಾಗ್ನೆಟ್ಟಿಗೆ ಅಂಟದ ಮಿನುಗು ಹೆಚ್ಚಾಗಿ ಬೇರಿಂಗಿನದ್ದು. ಆಗ ಮಾತ್ರ ಚೇಂಬರ್ ಇಳಿಸಿ ಬೇರಿಂಗ್ ನೋಡುವ ಮಾತು. ಫಿಲ್ಟರ್ ಡಬ್ಬಿಯನ್ನು ಗರಗಸದಲ್ಲಿ ಕೊಯ್ದರೆ ಅದರ ಪುಡಿಯೂ ಸೇರಿ ದಾರಿ ತಪ್ಪಿಸುತ್ತದೆ, ಎಚ್ಚರ.

ಹೊಸ ಆಯಿಲಿನಲ್ಲೂ ಲೈಟ್ ಮಿಣುಕಿದರೆ ಲೈಟನ್ನೇ ಅನುಮಾನಿಸಿ. ಎಂಜಿನ್ ಮೇಲಿರುವ ಆಯಿಲ್ ಪ್ರೆಶರ್ ಸ್ವಿಚ್ಚಿನ ವೈರ್ ತೆಗೆದು ಕೀ ಆನ್ ಮಾಡಿ. ಆಗಲೂ ಲೈಟ್ ಉರಿದರೆ ವೈರ್ ಎಲ್ಲೋ ಗಾಡಿಯ ಕಬ್ಬಿಣದ ಮೈಗೆ ತಾಗಿದೆ. ಅಡಿಕೆ ಮನೆಯ ಇಲಿಗಳಿಗೆ ಈ ವೈರ್ ಅಂದರೆ ಇಷ್ಟ. ವೈರ್ ಸರಿಯಿದ್ದರೆ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕ್ ಹತ್ತಿರ ಇರುವ ಪ್ರೆಶರ್ ಗೇಜ್ ಹಾಕಿಸಿ. ಪೂರ್ತಿ ಬಿಸಿಯಾದ ಸಣ್ಣ ಡೀಸೆಲ್ ಎಂಜಿನ್ ಸ್ಲೋದಲ್ಲಿ ಅರ್ಧದಿಂದ ಒಂದು ಕೆಜಿ (ಚದರ ಸೆಂಟಿಮೀಟರಿಗೆ) ಪ್ರೆಶರ್, ಕೆಲಸದ ರೇಸಿನಲ್ಲಿ ಎರಡರಿಂದ ನಾಲ್ಕು ಕೆಜಿ ತೋರಿಸಿದರೆ ಸಾಮಾನ್ಯವಾಗಿ ಚೆನ್ನಾಗಿದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಗೇಜ್ ಕಮ್ಮಿ ತೋರಿಸಿದರೆ ಚೇಂಬರಿನ ಜಾಲರಿ ಕಟ್ಟಿರಬಹುದು. ಹಳೇ ಗಾಡಿಯ ತಳದಲ್ಲಿ ಮಸಿ ಸೇರಿ ಜೋನಿಬೆಲ್ಲದ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ತೊಳೆದು, ಪ್ರೆಶರ್ ವಾಲ್ವಿನ ಸ್ಪ್ರಿಂಗ್ ನೋಡಿ, ಆಮೇಲೆ ಬೇರಿಂಗ್.

ಹಾಗಾದರೆ ಬೋರ್ ಕೆಲಸ ಯಾವಾಗ? ಆಯಿಲ್ ಕಮ್ಮಿಯಾಗುತ್ತಾ ಹೋಗಬೇಕು, ಲೋಡ್‌ನಲ್ಲಿ ನೀಲಿ ಹೊಗೆ ಬರಬೇಕು, ಬ್ರೀದರಿನಿಂದ ಬುಸುಬುಸು ಹೊಗೆ ಬರಬೇಕು, ಕಂಪ್ರೆಶನ್ ಟೆಸ್ಟಿನಲ್ಲಿ ಕಮ್ಮಿ ತೋರಿಸಬೇಕು. ಒಂದೇ ಲಕ್ಷಣಕ್ಕೆ ಒಪ್ಪಬೇಡಿ. ನೀಲಿ ಹೊಗೆಗೆ ಏರ್ ಕ್ಲೀನರಿನ ಬಟ್ಟಲೂ ಕಾರಣ ಆಗುತ್ತದೆ. ಆಯಿಲ್ ಬಟ್ಟಲಿನ ಏರ್ ಕ್ಲೀನರಿಗೆ ಗೆರೆ ಮೀರಿ ಆಯಿಲ್ ತುಂಬಿದರೆ ಎಂಜಿನ್ ಅದನ್ನೇ ಎಳೆದುಕೊಂಡು ಉರಿಸುತ್ತದೆ. ಒಂದು ಚಮಚ ತೆಗೆದರೆ ಹೋಗುವ ಹೊಗೆಗೆ ಬೋರ್ ಮಾಡಿಸಿದವರಿದ್ದಾರೆ.

ಇನ್ನೊಂದು ಸಂಗತಿ ನಮ್ಮ ಕೊಟ್ಟಿಗೆಗಳದ್ದೇ. ಗಾಡಿ ತಿಂಗಳುಗಟ್ಟಲೆ ನಿಂತರೆ ಕುಂಬಾರ ಹುಳ ಬ್ರೀದರ್ ಪೈಪಿನ ಬಾಯಿಗೆ ಮಣ್ಣಿನ ಗೂಡು ಕಟ್ಟುತ್ತದೆ. ಹೊರಗಿನಿಂದ ಪೈಪಿಗೆ ಕೆಸರು ಮೆತ್ತಿದ ಹಾಗೆ ಕಾಣುತ್ತದೆ, ಅಷ್ಟೇ. ಒಳಗಿನ ಗಾಳಿ ಹೊರಗೆ ಹೋಗಲು ದಾರಿಯಿಲ್ಲದೆ ಒತ್ತಡ ಏರಿ, ಇದ್ದಬದ್ದ ಸೀಲಿನಿಂದೆಲ್ಲ ಆಯಿಲ್ ಜಿನುಗುತ್ತದೆ. ಮಳೆಗಾಲದ ನಂತರ ಒಂದು ತಂತಿ ಹಾಕಿ ಆ ಪೈಪನ್ನು ಚೊಕ್ಕ ಮಾಡಿ.

ಕರಾವಳಿಯ ಓದುಗರಿಗೂ ಒಂದು ಮಾತು. ಕುಮಟಾ, ಅಂಕೋಲಾ ಕಡೆ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆ) ಉಪ್ಪು ತಾಳುವ ಕಗ್ಗ ಭತ್ತಕ್ಕೆ ಉಳುಮೆ ಮಾಡಿದ ಗಾಡಿ ಉಪ್ಪುನೀರಿನಲ್ಲಿ ನಿಂತಿರುತ್ತದೆ. ತೆಳು ತಗಡಿನ ಚೇಂಬರ್ ಆದರೆ ತುಕ್ಕು ಹಿಡಿದು ಸೂಜಿ ತೂತು ಬೀಳುತ್ತದೆ. ಕೆಲಸ ಮುಗಿದ ದಿನವೇ ಸಿಹಿನೀರಿನಲ್ಲಿ ಕೆಳಭಾಗ ತೊಳೆಯಿರಿ. ಕಡ್ಡಿಯ ತೂತಿನ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸಿ.

ಇಳಿಸಿದ ಆಯಿಲನ್ನು ತೋಟದ ಕಾಲುವೆಗೆ ಚೆಲ್ಲಬೇಡಿ, ಗುಂಡಿ ತೋಡಿ ಹುಗಿಯಲೂ ಬೇಡಿ. ನಮ್ಮ ತೋಟದ ನೀರು ಹಳ್ಳ ಸೇರಿ ಹೊಳೆಗೇ ಹೋಗುತ್ತದೆ. ಕ್ಯಾನಿಗೆ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಕೈಗೆ ತಾಗಿದ್ದನ್ನು ಸೋಪಿನಲ್ಲಿ ತೊಳೆಯಿರಿ, ಡೀಸೆಲಿನಲ್ಲಲ್ಲ.

ನಿಮ್ಮ ಕೆಲಸದ ಕ್ರಮ ಹೀಗಿರಲಿ. ಇವತ್ತು ಸಂಜೆ ಕಾಗದದ ಪರೀಕ್ಷೆ. ನಾಡಿದ್ದು ಬೆಳಿಗ್ಗೆ ಬಟ್ಟಲಿನ ಪರೀಕ್ಷೆ, ಅದೇ ಎರಡು ದಿನ ಡೀಸೆಲ್ ಕಾಕ್ ತೆರೆದಿರಲಿ. ಆಮೇಲೆ ಎರಡು ದಿನ ಮುಚ್ಚಿ. ಕಾಗದದಲ್ಲಿ ಉಂಗುರ ಬಂದು, ನಿಂತಾಗ ಮಟ್ಟ ಏರದಿದ್ದರೆ ಮೂರೂ ನೋಝಲ್ ಬಿಚ್ಚಿ ಟೆಸ್ಟಿಗೆ ಕೊಡಿ. ಹೊಸ ಆಯಿಲ್, ಫಿಲ್ಟರ್ ಹಾಕಿದ ಮೇಲೆ ಅಂಗಳದ ಅದೇ ಗೆರೆಯ ಮೇಲೆ ನಿಲ್ಲಿಸಿ ಕಡ್ಡಿ ನೋಡಿ. ತಾರೀಖು ಮತ್ತು ಮಟ್ಟವನ್ನು ಕೊಟ್ಟಿಗೆ ಗೋಡೆಗೆ ಬರೆಯಿರಿ. ಮೀಟರ್ ಇಲ್ಲದ್ದರಿಂದ ಓಡಿಸಿದ ಗಂಟೆಯನ್ನೂ ಅಲ್ಲೇ ಬರೆಯಿರಿ. ಐದು ಗಂಟೆ ಓಡಿದ ಮೇಲೆ ಒಮ್ಮೆ, ಹತ್ತು ಗಂಟೆ ಓಡಿದ ಮೇಲೆ ಮತ್ತೊಮ್ಮೆ ಕಡ್ಡಿ ನೋಡಿ. ಹತ್ತು ಗಂಟೆಯಲ್ಲಿ ಕೂದಲೆಳೆಯಷ್ಟೂ ಏರದಿದ್ದರೆ ಗಾಡಿಗೆ ಟ್ರಾಲಿ ಕಟ್ಟಿ, ಅಡಿಕೆ ಸಾಗಿಸಿ. ಏರಿದರೆ ಡೀಸೆಲ್ ಪಂಪ್ ಬಿಚ್ಚಿಸಬೇಕು. ಆಗ ಆ ಗೋಡೆಯ ಬರಹದ ಫೋಟೋ ತೆಗೆದು ಮೆಕ್ಯಾನಿಕ್‌ಗೆ ತೋರಿಸಿ. ಎಷ್ಟು ಗಂಟೆಗೆ ಎಷ್ಟು ಏರಿತು ಅಂತ ಕಂಡರೆ ಅವರಿಗೂ ಊಹೆ ಮಾಡುವ ಕೆಲಸ ಉಳಿಯುವುದಿಲ್ಲ.